ಪದಚರ್ಚೆ: ಸ್ವಿಚ್ಚಿನ ‘ಟೈಮ್-ರೇಂಜ್’ಗೆ ಕನ್ನಡ ಪದ ಬೇಕು, ನಾಳೆ ಸಂಜೆಯೊಳಗೆ

ಪ್ರಶ್ನೆ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಸ್ವಿಚ್ ಪೆಟ್ಟಿಗೆಯ ಮೇಲೆ ಅಂಟಿಸಲು ಒಂದು ಪುಟದ ಸೂಚನೆ. ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್, ಅಂದರೆ ಲ್ಯಾಬಿನ ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ. ಆಜ್ಞೆಗಳು ಇಂಗ್ಲಿಷಿನಲ್ಲೇ ಇರುತ್ತವೆ, ವಿವರಣೆ ಮಾತ್ರ ಕನ್ನಡ. ವಿಲ್ಯಾನ್ 20ರ (ಸ್ವಿಚ್ಚಿನೊಳಗೆ ಬೇರೆ ಮಾಡಿದ ಒಂದು ಗುಂಪು) ಯಂತ್ರಗಳಿಗೆ ಸೋಮವಾರದಿಂದ ಶನಿವಾರ, 9:30ರಿಂದ 17:00ರವರೆಗೆ ವೆಬ್ ಸಿಗಬೇಕು, ಉಳಿದ ಹೊತ್ತು ಸಿಗಬಾರದು. ಇದನ್ನು ಮಾಡುವುದು ಆಕ್ಸೆಸ್ ಲಿಸ್ಟ್: ಯಾವುದನ್ನು ಬಿಡಬೇಕು (ಪರ್ಮಿಟ್), ಯಾವುದನ್ನು ತಡೆಯಬೇಕು (ಡಿನೈ) ಎಂದು ಸಾಲು ಸಾಲಾಗಿ ಬರೆದ ಪಟ್ಟಿ. ಸ್ವಿಚ್ ಅದನ್ನು ಮೇಲಿನಿಂದ ಕೆಳಗೆ ಓದಿ, ಹೊಂದುವ ಮೊದಲ ಸಾಲಿನಂತೆ ನಡೆಯುತ್ತದೆ.

ಟೈಮ್-ರೇಂಜ್, ಪೀರಿಯಾಡಿಕ್, ಆಬ್ಸೊಲ್ಯೂಟ್, ಆಕ್ಟಿವ್/ಇನ್‌ಆಕ್ಟಿವ್, ಇಂಪ್ಲಿಸಿಟ್ ಡಿನೈ: ಇವಕ್ಕೆ ಸದ್ಯ ಹಾಕಿರುವುದು ಸಮಯ ವ್ಯಾಪ್ತಿ, ಆವರ್ತಕ, ನಿರಪೇಕ್ಷ, ಸಕ್ರಿಯ/ನಿಷ್ಕ್ರಿಯ, ಸೂಚ್ಯ ನಿರಾಕರಣೆ. ಮುಖ್ಯ ವಾಕ್ಯ: “ಸಮಯ ವ್ಯಾಪ್ತಿ ಮುಗಿದ ಕೂಡಲೇ ನಿಯಮವು ಪ್ರವೇಶವನ್ನು ನಿರಾಕರಿಸುತ್ತದೆ.” ತಿದ್ದಿಕೊಡಿ.

ಮರು

‘ನಿರಪೇಕ್ಷ’ವನ್ನು ಮೊದಲು ತೆಗೆಯಿರಿ. ಅದು ವೇದಾಂತದ ಮಾತು, ಸ್ವಿಚ್ಚಿನದಲ್ಲ. ‘ಸಮಯ ವ್ಯಾಪ್ತಿ’ಯೂ ಇಂಗ್ಲಿಷಿನ ಎರಡು ಪದಕ್ಕೆ ಸಂಸ್ಕೃತದ ಎರಡು ಪದ ಜೋಡಿಸಿದ್ದು, ಅಷ್ಟೆ. ನಮಗೆ ‘ಹೊತ್ತು’ ಇದೆ. ಹಳಗನ್ನಡದ ಪೊೞ್ತು ಪೊತ್ತಾಗಿ, ಪಕಾರ ಹಕಾರವಾಗಿ ಹೊತ್ತಾಯಿತು. ತಮಿಳಿನ ಪೊೞುದು ಇದರ ಒಡಹುಟ್ಟು. ‘ತಡೆಹೊತ್ತು’ ಅನ್ನಿ, ಮುಗಿಯಿತು. ಆಕ್ಸೆಸ್ ಲಿಸ್ಟಿಗೆ ‘ಪಡಿಯರಪಟ್ಟಿ’ ಅನ್ನಬಹುದು. ಪಡಿಯಱ ಅಂದರೆ ಬಾಗಿಲು ಕಾಯುವವನು. ಅಚ್ಚಗನ್ನಡ.

ಮರು

ಪಡಿಯಱ ಅಚ್ಚಗನ್ನಡವಲ್ಲ, ಪ್ರತೀಹಾರದ ತದ್ಭವ. ನಿಘಂಟು ನೋಡಿ ಬರೆಯಿರಿ.

‘ತಡೆಹೊತ್ತು’ ವ್ಯಾಕರಣಕ್ಕೆ ಒಗ್ಗಿದರೂ ಕೆಲಸಕ್ಕೆ ಒಗ್ಗುವುದಿಲ್ಲ. ಟೈಮ್-ರೇಂಜ್ ಏನನ್ನೂ ತಡೆಯುವುದಿಲ್ಲ, ಬಿಡುವುದೂ ಇಲ್ಲ. ಅದು ಬರೀ ಗಂಟೆ, ದಿನಗಳ ಹೆಸರು. ಅದೇ ಹೆಸರನ್ನು ‘ಪರ್ಮಿಟ್’ ಸಾಲಿಗೂ ಕಟ್ಟಬಹುದು, ‘ಡಿನೈ’ ಸಾಲಿಗೂ ಕಟ್ಟಬಹುದು. ಇಲ್ಲಿ ಕಟ್ಟುತ್ತಿರುವುದು ಪರ್ಮಿಟ್‌ಗೆ! ತಡೆಹೊತ್ತಿನಲ್ಲಿ ವೆಬ್ ತೆರೆದಿರುತ್ತದೆ ಎಂದು ಓದಿದ ಲ್ಯಾಬ್ ಸಹಾಯಕರು ಏನು ಮಾಡಬೇಕು?

ಪ್ರಶ್ನೆಯಲ್ಲಿರುವ ಮುಖ್ಯ ವಾಕ್ಯವೂ ತಪ್ಪು. ವೇಳೆ ಮುಗಿದಾಗ ಪರ್ಮಿಟ್ ಸಾಲು ತಿರುಗಿ ಡಿನೈ ಆಗುವುದಿಲ್ಲ. ಸ್ವಿಚ್ ಆ ಸಾಲನ್ನು ಇಲ್ಲವೆಂದೇ ಎಣಿಸಿ ಕೆಳಗಿನ ಸಾಲಿಗೆ ಹೋಗುತ್ತದೆ. ಕೆಳಗೆ ಏನೂ ಇಲ್ಲದಿದ್ದರೆ ಪಟ್ಟಿಯ ಕೊನೆಯಲ್ಲಿ ತಾನಾಗಿಯೇ ಇರುವ ತಡೆ ಹಿಡಿಯುತ್ತದೆ. ಯಾರಾದರೂ ಕೆಳಗೆ ‘ಪರ್ಮಿಟ್ ಐಪಿ ಎನಿ ಎನಿ’ (ಎಲ್ಲವನ್ನೂ ಬಿಡು) ಸೇರಿಸಿದ್ದರೆ ನಡುರಾತ್ರಿಯಲ್ಲೂ ವೆಬ್ ಸಿಗುತ್ತದೆ. ‘ನಿಯಮವು ನಿರಾಕರಿಸುತ್ತದೆ’ ಎಂದು ನಂಬಿದವರು ತಪ್ಪನ್ನು ಟೈಮ್-ರೇಂಜಿನಲ್ಲಿ ಹುಡುಕುತ್ತಾರೆ. ತಪ್ಪು ಇರುವುದು ಅದರ ಕೆಳಗಿನ ಸಾಲಿನಲ್ಲಿ.

ಆದ್ದರಿಂದ ಪದ ಹೀಗಿರಲಿ: ಜಾರಿ ವೇಳೆ. ಸಾಲು ‘ಜಾರಿಯಲ್ಲಿದೆ’, ಸಾಲು ‘ಜಾರಿಯಲ್ಲಿಲ್ಲ’. ‘ಶೋ ಆಕ್ಸೆಸ್-ಲಿಸ್ಟ್ಸ್’ ಹೊಡೆದರೆ ಸಾಲಿನ ಕೊನೆಗೆ ಬರುವ ಆಕ್ಟಿವ್, ಇನ್‌ಆಕ್ಟಿವ್‌ಗೆ ಇದು ಸರಿಯಾಗಿ ಕೂರುತ್ತದೆ. ಜಾರಿಯಲ್ಲಿಲ್ಲದ ಕಾನೂನು ವಿರುದ್ಧ ಕಾನೂನಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ‘ನಿಷ್ಕ್ರಿಯ’ಕ್ಕೆ ಕೆಟ್ಟುಹೋದ ಯಂತ್ರದ ವಾಸನೆ ಇದೆ.

‘ಸೂಚ್ಯ ನಿರಾಕರಣೆ’ ಬೇಡ. ಅದು ಏನನ್ನೂ ಸೂಚಿಸುವುದಿಲ್ಲ. ‘ಬರೆಯದ ತಡೆ’ ಅನ್ನಿ.

ಮರು

ಜಾರಿ ಅರಬ್ಬಿ. ಸಂಸ್ಕೃತ ಬೇಡ ಎಂದು ಅರಬ್ಬಿಯನ್ನು ಒಳಗೆ ಕರೆಯುವುದು ಯಾವ ಕನ್ನಡ? ಅದಕ್ಕೆ ಸಂಸ್ಕೃತದ ‘ವೇಳೆ’ಯನ್ನು ಬೇರೆ ಹೊಲಿದಿದ್ದೀರಿ. ಕೇಶಿರಾಜ 13ನೇ ಶತಮಾನದಲ್ಲೇ ಅರಿಸಮಾಸ ಬೇಡವೆಂದ. ‘ನಡೆಹೊತ್ತು’ ಆಗಬಹುದು. ಸಾಲು ನಡೆಯುವ ಹೊತ್ತು.

ಮರು

ಕೇಶಿರಾಜ ಹೇಳಿದ್ದು ಸಂಸ್ಕೃತ, ಕನ್ನಡಗಳ ಜೋಡಣೆಯ ಬಗ್ಗೆ. ಹಳಬರ ಪ್ರಯೋಗಕ್ಕೂ ಬಿರುದಾವಳಿಗೂ ಅವನೇ ವಿನಾಯಿತಿ ಕೊಟ್ಟ. ‘ಮಳೆಗಾಲ’ದ ಕಾಲ ಎಲ್ಲಿಯದು? ಅದನ್ನು ಬಿಟ್ಟು ಬದುಕುತ್ತೀರಾ? ರಸ್ತೆ, ಅರ್ಜಿ, ಜಮೀನು, ತಾರೀಕು ಎಲ್ಲವೂ ಪಾರಸಿ, ಅರಬ್ಬಿ ದಾರಿಯಲ್ಲಿ ಬಂದವು; ಹಳ್ಳಿಯ ಪಂಚಾಯಿತಿಯಲ್ಲಿ ಅವಕ್ಕೆ ಅರ್ಥ ಹೇಳಬೇಕಾಗಿಲ್ಲ. ‘ನಡೆಹೊತ್ತು’ ಚೆಲುವಾಗಿದೆ, ಆದರೆ ಓದಿದವರು ನಡಿಗೆಗೆ ಹೋಗುವ ಹೊತ್ತು ಅಂದುಕೊಳ್ಳುತ್ತಾರೆ.

‘ವೇಳೆ’ ಇಲ್ಲಿಗೆ ತೀರ ಹೊಂದುತ್ತದೆ. ಸಂಸ್ಕೃತದ ವೇಲಾ ಎಂದರೆ ಎಲ್ಲೆ, ಕಡಲ ದಡ, ಸಮಯ ಮೂರೂ ಹೌದು. ಎಲ್ಲೆ ಹಾಕಿದ ಸಮಯ. ರೇಂಜ್ ಬೇರೆಯಾಗಿ ಬೇಕಿಲ್ಲ.

ಪೀರಿಯಾಡಿಕ್‌ಗೆ ಕೆಲವರು ಬರೆಯುವ ‘ಮರುಕಳಿಸುವ’ ಬೇಡ. ಕನ್ನಡದಲ್ಲಿ ಜ್ವರ ಮರುಕಳಿಸುತ್ತದೆ. ಈ ಆಜ್ಞೆಯ ಸುತ್ತು ಒಂದು ವಾರ, ಹಾಗಾಗಿ ‘ವಾರದ ವೇಳೆ’. ಆಬ್ಸೊಲ್ಯೂಟ್‌ಗೆ ‘ತಾರೀಕಿನ ವೇಳೆ’. ಒಂದು ಟೈಮ್-ರೇಂಜಿನಲ್ಲಿ ವಾರದ ವೇಳೆ ಎಷ್ಟಾದರೂ ಇರಬಹುದು, ತಾರೀಕಿನ ವೇಳೆ ಒಂದೇ. ಎರಡೂ ಇದ್ದರೆ, ತಾರೀಕಿನ ಆರಂಭ ಬರುವ ತನಕ ವಾರದ್ದನ್ನು ಸ್ವಿಚ್ ನೋಡುವುದೇ ಇಲ್ಲ. ತಾರೀಕು ಮುಗಿದ ಮೇಲೂ ನೋಡುವುದಿಲ್ಲ.

‘ವೀಕ್‌ಡೇಸ್’ ಅನ್ನು ‘ವಾರದ ದಿನಗಳು’ ಎಂದು ಬರೆಯಲೇಬೇಡಿ. ಕನ್ನಡದಲ್ಲಿ ವಾರದ ದಿನಗಳು ಏಳು. ಸ್ವಿಚ್ಚಿಗೆ ಅದು ಸೋಮವಾರದಿಂದ ಶುಕ್ರವಾರ ಮಾತ್ರ. ‘ಕೆಲಸದ ದಿನ’ವೂ ತಪ್ಪು, ನಿಮ್ಮಲ್ಲಿ ಶನಿವಾರ ಕೆಲಸವಿದೆ. ಆಜ್ಞೆಯಲ್ಲಿ ಆರೂ ದಿನಗಳ ಹೆಸರು ಬರೆದು, ಕೊನೆಗೆ ‘9:30 ಟು 17:00’ ಹಾಕಿ.

ಮರು

ಎರಡನೇ ಶನಿವಾರ ರಜೆಯಿದ್ದರೆ? ವಾರದ ವೇಳೆಗೆ ಅದನ್ನು ಎಣಿಸಲು ಬರುವುದಿಲ್ಲ. ಪ್ರತಿ ರಜೆಗೂ ತಾರೀಕಿನ ವೇಳೆಯ ಬೇರೆ ಟೈಮ್-ರೇಂಜ್ ಮಾಡಿ ಡಿನೈ ಸಾಲಿಗೆ ಕಟ್ಟಬೇಕು. ಆ ಸಾಲು ಪರ್ಮಿಟ್ ಸಾಲಿನ ಮೇಲೆ ಇರಬೇಕು. ಕೆಳಗಿದ್ದರೆ ಅದರ ಸರದಿ ಬರುವುದೇ ಇಲ್ಲ.

ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಯುಡಿಪಿ ಪೋರ್ಟ್ 67 ಮತ್ತು ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್‌ನ ಪೋರ್ಟ್ 53ಕ್ಕೆ ವೇಳೆ ಕಟ್ಟದ ಪರ್ಮಿಟ್ ಸಾಲುಗಳು ಎಲ್ಲಕ್ಕಿಂತ ಮೊದಲು ಬರಲಿ. ಇಲ್ಲದಿದ್ದರೆ ಬರೆಯದ ತಡೆ ಅವನ್ನೂ ನುಂಗುತ್ತದೆ, ಬೆಳಗ್ಗೆ 9ಕ್ಕೆ ಹಚ್ಚಿದ ಯಂತ್ರಕ್ಕೆ ವಿಳಾಸವೇ ಸಿಗುವುದಿಲ್ಲ.

ಹಲವು ಲ್ಯಾಬ್‌ಗಳ ಪಟ್ಟಿಗಳನ್ನು ಒಂದೇ ನಿಮಿಷಕ್ಕೆ, ಇಲ್ಲವೇ ಒಂದೆರಡು ನಿಮಿಷದ ಅಂತರಕ್ಕೆ ಜಾರಿಗೆ ತರಬೇಡಿ. ಪ್ರತಿ ಸಲ ಸ್ವಿಚ್ ಪಟ್ಟಿಯನ್ನು ಹೊಸದಾಗಿ ಕೂಡಿಸಿ ಸಾಲುಗಳನ್ನು ಬೇಗ ಹುಡುಕಲೆಂದೇ ಇರುವ ಟಿಸಿಎಎಂ ನೆನಪಿಗೆ ತುಂಬಬೇಕು, ಸಿಪಿಯು ಮೇಲೆ ಹೊರೆ ಬೀಳುತ್ತದೆ.

ಮರು

ಜಾರಿ ವೇಳೆ, ವಾರದ ವೇಳೆ, ತಾರೀಕಿನ ವೇಳೆ, ಬರೆಯದ ತಡೆ. ಇವನ್ನೇ ಇಟ್ಟುಕೊಂಡೆ. ಮುಖ್ಯ ವಾಕ್ಯ ಈಗ: “ಜಾರಿ ವೇಳೆ ಮುಗಿದರೆ ಸ್ವಿಚ್ ಆ ಸಾಲನ್ನು ಬಿಟ್ಟು ಮುಂದಿನ ಸಾಲು ನೋಡುತ್ತದೆ, ಯಾವ ಸಾಲೂ ಹೊಂದದಿದ್ದರೆ ಬರೆಯದ ತಡೆ ಹಿಡಿಯುತ್ತದೆ.” ‘ಹೊತ್ತು’ ಸೂಚಿಸಿದವರಿಗೆ ಋಣಿ. ಶೀರ್ಷಿಕೆಗೆ ಅದನ್ನೇ ಬಳಸಿದ್ದೇನೆ: “ಲ್ಯಾಬಿನಲ್ಲಿ ವೆಬ್ ಸಿಗುವ ಹೊತ್ತು.”

ಮರು

ಅಂಟಿಸುವ ಮುನ್ನ ಪುಟದ ಮೊದಲ ಸಾಲಾಗಿ ಗಡಿಯಾರ ಬರೆಯಿರಿ. ‘ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30’ ಹಾಕದಿದ್ದರೆ ಸ್ವಿಚ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಓಡುತ್ತದೆ. ನಿಮ್ಮ 9:30 ಮಧ್ಯಾಹ್ನ 3 ಗಂಟೆಗೆ ಶುರುವಾಗಿ ರಾತ್ರಿ 10:30ಕ್ಕೆ ಮುಗಿಯುತ್ತದೆ. ಜಾಲದ ಮೂಲಕ ಗಡಿಯಾರ ಸರಿಪಡಿಸುವ ಎನ್‌ಟಿಪಿ ಸರ್ವರ್ ವಿಳಾಸವೂ ಇರಲಿ. ಬ್ಯಾಟರಿ ಗಡಿಯಾರವಿಲ್ಲದ ಕ್ಯಾಟಲಿಸ್ಟ್‌ಗಳು ಕರೆಂಟ್ ಹೋಗಿ ಬಂದಾಗ 1993ರ ಮಾರ್ಚ್ 1ರಿಂದ ಎಣಿಕೆ ಶುರುಮಾಡುತ್ತವೆ. ಅದು ಸೋಮವಾರ. ಎನ್‌ಟಿಪಿ ಸಿಗುವ ತನಕ ಪಟ್ಟಿ ಆ ಸೋಮವಾರವನ್ನೇ ನಂಬುತ್ತದೆ, ಹೊರಗೆ ಭಾನುವಾರವಿದ್ದರೂ. ‘ಶೋ ಕ್ಲಾಕ್’ ನೋಡಿ, ಸಮಯದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಗಡಿಯಾರ ಇನ್ನೂ ಸರಿಹೋಗಿಲ್ಲ.