ಟಾಕೊ ಡಿಪ್: ಅದ್ದುವುದೇ, ನೆಂಚುವುದೇ, ಗೋರುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಟೆಕ್ಸಾಸಿನಲ್ಲಿರುವ ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ಅಡುಗೆ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಉಳಿಯುವ ತಂದೆತಾಯಂದಿರು ಇಲ್ಲಿನ ಕೂಟಗಳಿಗೆ ಹೋದಾಗ ಮೇಜಿನ ಮೇಲಿರುವುದು ಏನು, ಅದನ್ನು ಹೇಗೆ ಮಾಡುತ್ತಾರೆ ಎಂದು ಕೇಳುತ್ತಾರೆ. ಅವರಿಗೆ ಕನ್ನಡದಲ್ಲಿಯೇ ಓದಲು ಸಿಗಲಿ ಎಂಬುದು ಉದ್ದೇಶ. ನನ್ನ ಪಾಲಿಗೆ ಬಂದದ್ದು ‘ಲೇಯರ್ಡ್ ಟಾಕೊ ಡಿಪ್’. ಮಾಡಲು ಮುಕ್ಕಾಲು ಗಂಟೆ ಸಾಕು. ಬರೆಯಲು ಕುಳಿತರೆ ಸಾಲಿಗೊಂದು ಪದ ಅಡ್ಡ ನಿಲ್ಲುತ್ತದೆ. ಹಾಗಾಗಿ ಈ ದೀರ್ಘ ಪತ್ರ.

ತಿನಿಸನ್ನು ನೋಡದವರಿಗಾಗಿ ಒಂದೆರಡು ಮಾತು. ಟಾಕೊ ಎಂದರೆ ತೆಳುವಾದ ರೊಟ್ಟಿಯಲ್ಲಿ ಮಾಂಸ, ಕಾಳು ಮುಂತಾದವನ್ನು ಇಟ್ಟು ಮಡಚಿ ತಿನ್ನುವ ಮೆಕ್ಸಿಕೊದ ತಿನಿಸು; ಅದರ ರುಚಿಯ ಡಿಪ್ ಇದು. ಅಗಲವಾದ ಗಾಜಿನ ತಟ್ಟೆಯ ತಳದಲ್ಲಿ ಬೇಯಿಸಿ ಮಸೆದ, ರಾಜ್ಮಾ ಜಾತಿಯ ಪಿಂಟೊ ಕಾಳು, ಅದರ ಮೇಲೆ ಮಸಾಲೆ ಹಾಕಿ ಹುರಿದು ಆರಿಸಿದ ದನದ ಕೈಮಾ, ಆಮೇಲೆ ಬೆಣ್ಣೆಹಣ್ಣನ್ನು ಮಸೆದು ಮಾಡಿದ ಗ್ವಾಕಮೋಲೆ, ಸವರ್ ಕ್ರೀಮ್ ಎಂಬ ಹುಳಿ ಕೆನೆ, ತುರಿದ ಚೆಡ್ಡರ್ ಚೀಸ್, ಹೆಚ್ಚಿದ ಟೊಮೆಟೊ, ಕೊನೆಗೆ ಈರುಳ್ಳಿ ಸೊಪ್ಪು ಮತ್ತು ಕಪ್ಪು ಆಲಿವ್. ಯಾವುದನ್ನೂ ಕಲಸುವುದಿಲ್ಲ. ತಣ್ಣಗೆ ಮೇಜಿಗೆ ತಂದಿಟ್ಟು, ಮೆಕ್ಕೆಜೋಳದ ಗರಿಗರಿಯಾದ ಚಿಪ್ಸ್‌ನಿಂದ ಎತ್ತಿಕೊಂಡು ತಿನ್ನುತ್ತಾರೆ. ಟಾಕೊ, ಗ್ವಾಕಮೋಲೆಯಂಥ ಹೆಸರುಗಳು ಮೆಕ್ಸಿಕೊದವು, ತಿನಿಸು ಮಾತ್ರ ಗಡಿಯ ಈಚೆಗೆ ಹುಟ್ಟಿದ್ದು. ಟೆಕ್ಸ್-ಮೆಕ್ಸ್ ಎಂದು ಕರೆಯುವ ಅಡುಗೆಯ ಕವಲಿಗೆ ಸೇರಿದ್ದು. 1980ರ ದಶಕದಲ್ಲಿ ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಫೆಬ್ರವರಿಯಲ್ಲಿ ಅಮೆರಿಕನ್ ಫುಟ್ಬಾಲಿನ ಅಂತಿಮ ಪಂದ್ಯ ನಡೆಯುವ ಸೂಪರ್ ಬೌಲ್ ಭಾನುವಾರ ಟಿ.ವಿ. ಮುಂದೆ ಗುಂಪುಗೂಡುವ ಮನೆಗಳಲ್ಲಿ ಇದು ಇರಲೇಬೇಕೆಂಬಷ್ಟು ರೂಢಿ.

ಈಗ ಮೊದಲ ಪ್ರಶ್ನೆ. ಇಂಗ್ಲಿಷಿನಲ್ಲಿ ಡಿಪ್ ಎಂಬುದು ಕ್ರಿಯೆಯೂ ಹೌದು, ಆ ಕ್ರಿಯೆ ನಡೆಯುವ ವಸ್ತುವಿನ ಹೆಸರೂ ಹೌದು. ನಿಘಂಟುಗಳು ‘ಅದ್ದು’, ‘ಮುಳುಗಿಸು’ ಎನ್ನುತ್ತವೆ. ಎರಡೂ ಇಲ್ಲಿ ಕೂರುವುದಿಲ್ಲ. ಅದ್ದಲು ದ್ರವ ಬೇಕು. ಇಡ್ಲಿಯನ್ನು ಸಾಂಬಾರಿನಲ್ಲಿ, ಬಿಸ್ಕತ್ತನ್ನು ಚಹಾದಲ್ಲಿ, ಬಜ್ಜಿಗೆ ಹೆಚ್ಚಿದ ಬಾಳೆಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದುತ್ತೇವೆ. ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅದ್ದಿದ್ದು ನೆನೆಯಬೇಕು, ಇಲ್ಲವೇ ಅದರ ಮೈಗೆಲ್ಲ ದ್ರವ ಹತ್ತಬೇಕು. ಟಾಕೊ ಡಿಪ್‌ನಲ್ಲಿ ಚಿಪ್ಸ್ ನೆನೆದರೆ ಕೆಟ್ಟಿತು: ಅರ್ಧ ಮುರಿದು ತಟ್ಟೆಯಲ್ಲಿಯೇ ಹೂತುಕೊಳ್ಳುತ್ತದೆ.

ನೆಂಚಿಕೊಳ್ಳುವುದು ಇನ್ನೂ ಹತ್ತಿರದ್ದು. ಹಳೆಯ ಮೈಸೂರಿನ ಕಡೆ ನೆಂಚಿಕೊಳ್ಳು, ನಂಚಿಕೊಳ್ಳು, ನಂಜಿಕೊಳ್ಳು ಮೂರೂ ಕಿವಿಗೆ ಬೀಳುತ್ತವೆ. ತೆಲುಗಿನಲ್ಲಿಯೂ ‘ನಂಜುಕೊನು’ ಇದೆ. ತಮಿಳರು ‘ತೊಟ್ಟುಕ್ಕೊಳ್ಳ’ ಎನ್ನುತ್ತಾರೆ, ಎಂದರೆ ಮುಟ್ಟಿಸಿಕೊಳ್ಳಲು. ಧಾರವಾಡದ ಕಡೆಯ ನಮ್ಮ ಗೆಳೆಯರ ಮನೆಯಲ್ಲಿ ರೊಟ್ಟಿಗೆ ಪಲ್ಯವನ್ನು ಹಚ್ಚಿಕೊಂಡು ತಿನ್ನುತ್ತಾರೆ. ಈ ಮೂರು ಭಾಷೆಗಳ ಕೈಗಳು ಮಾಡುವ ಕೆಲಸ ಒಂದೇ. ಆದರೆ ನೆಂಚುವುದರಲ್ಲಿ ಪ್ರಮಾಣದ ಒಂದು ತೀರ್ಮಾನ ಅಡಗಿದೆ: ಊಟ ಬೇರೆ ಇದೆ, ನೆಂಚಿಕೊಳ್ಳುವುದು ಅದರ ಬದಿಗೆ, ಸ್ವಲ್ಪವೇ. ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತೇವೆಯೇ ಹೊರತು ಉಪ್ಪಿನಕಾಯಿಗೆ ಮೊಸರನ್ನವನ್ನಲ್ಲ. ಟಾಕೊ ಡಿಪ್‌ನಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಚಿಪ್ಸ್ ಬರೀ ನೆಪ, ಡಿಪ್ಪೇ ಊಟ.

ನಿಜವಾಗಿ ನಡೆಯುವುದು ಗೋರುವ ಕೆಲಸ. ಚಿಪ್ಸ್ ತಳದ ತನಕ ಇಳಿಯಬೇಕು, ಬರುವಾಗ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೊತ್ತುಕೊಂಡು ಬರಬೇಕು. ಇದಕ್ಕೆಂದೇ ಬಟ್ಟಲಿನ ಆಕಾರದ ಚಿಪ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ‘ಮೊಗೆ’ ಎಂದು ಬರೆಯಬಹುದಿತ್ತು, ಆದರೆ ಮೊಗೆಯುವುದು ನೀರನ್ನು. ‘ಬಾಚು’ ಎಂದರೆ ದುರಾಸೆಯ ವಾಸನೆ ಬರುತ್ತದೆ. ‘ಬಳಿ’ ಎಂದರೆ ತಟ್ಟೆ ಖಾಲಿಯಾಗುವ ಹೊತ್ತಿನ ಮಾತು, ಅದೂ ಬೆರಳಿನಿಂದ. ಆದ್ದರಿಂದ ವಿಧಾನವನ್ನು ಹೇಳುವಲ್ಲಿ ‘ಚಿಪ್ಸ್‌ನಿಂದ ಗೋರಿಕೊಂಡು ತಿನ್ನಿರಿ’ ಎಂದು ಬರೆದಿದ್ದೇನೆ.

ಹೆಸರಿಗೆ ಮಾತ್ರ ನಾಮಪದ ಬೇಕಲ್ಲ. ‘ನೆಂಚಿಕೆ’ ಎಂದು ಇಟ್ಟಿದ್ದೇನೆ. ನಂಜಿಕೊಳ್ಳು ಎಂಬ ರೂಪವನ್ನು ಹಿಡಿದು ‘ನಂಜಿಕೆ’ ಎಂದರೆ ಓದುವವರ ಕಣ್ಣಿಗೆ ಮೊದಲು ಬೀಳುವುದು ನಂಜು. ನಂಜುಂಡನಿಗೆ ನಡೆದುಕೊಳ್ಳುವ ಊರಿನವರು ವಿಷದ ಹೆಸರಿನ ತಿನಿಸನ್ನು ಅತಿಥಿಗಳ ಮುಂದೆ ಇಡುವುದು ಬೇಡ. ನಮ್ಮ ಗುಂಪಿನ ಒಬ್ಬರು ‘ವ್ಯಂಜನ’ ಎಂದು ಸೂಚಿಸಿದರು. ಸಂಸ್ಕೃತದಲ್ಲಿ ಆ ಅರ್ಥವೇನೋ ಇದೆ. ಊಟದ ಜೊತೆಗೆ ಬಡಿಸುವ ಮೇಲೋಗರಗಳಿಗೆ ಅದು ಸಲ್ಲುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ವ್ಯಂಜನವೆಂದರೆ ಕ, ಖ, ಗ. ಅವರೇ ಮುಂದುವರಿದು ‘ಸಪ್ತಸ್ತರ ವ್ಯಂಜನ’ ಎಂದಾಗ ನಾನು ವಿನಯದಿಂದ ವಿರೋಧಿಸಿದೆ. ಅದನ್ನು ಓದಿದವರು ಹಸಿವು ಮರೆತು ವ್ಯಾಕರಣದ ಪುಸ್ತಕ ಹುಡುಕುತ್ತಾರೆ. ಗೊಜ್ಜು, ಚಟ್ನಿಗಳನ್ನೂ ಬಿಟ್ಟೆ. ಎರಡರಲ್ಲಿಯೂ ಎಲ್ಲ ಬೆರೆತು ಒಂದಾಗಿರುತ್ತದೆ, ಇಲ್ಲಿ ಬೆರೆಯದಿರುವುದೇ ಗುಣ.

ಎರಡನೆಯದು ‘ಲೇಯರ್’. ಪದರ ಎಂಬ ಪದ ತಟ್ಟನೆ ಬರುತ್ತದೆ, ತಪ್ಪೂ ಅಲ್ಲ. ಆದರೂ ಚಿರೋಟಿಯ ಪದರ, ಈರುಳ್ಳಿಯ ಪದರ ಎನ್ನುವಾಗ ತೆಳುವಾದ, ಬಿಡಿಸಿ ಎತ್ತಬಹುದಾದ ಹಾಳೆ ಕಣ್ಣಿಗೆ ಕಟ್ಟುತ್ತದೆ. ಬೆರಳಗಲ ದಪ್ಪಕ್ಕೆ ಹರಡಿದ ಕೈಮಾವನ್ನು ಪದರವೆನ್ನಲು ನನಗೆ ಮನಸ್ಸಾಗುತ್ತಿಲ್ಲ. ‘ಹಾಸು’ ಎಂಬುದು ನಾಮಪದವಾಗಿಯೂ ಕ್ರಿಯಾಪದವಾಗಿಯೂ ನಡೆಯುತ್ತದೆ: ‘ಒಂದು ಹಾಸು ಕಾಳು, ಅದರ ಮೇಲೆ ಒಂದು ಹಾಸು ಕೈಮಾ’. ಹಾಸುಗಲ್ಲು, ಹಾಸಿಗೆ ಎಂಬವುಗಳಲ್ಲಿ ಈ ಅರ್ಥ ಇದ್ದೇ ಇದೆ. ಬಿರಿಯಾನಿ ಮಾಡುವ ಮನೆಗಳಲ್ಲಿ ಅನ್ನ ಮತ್ತು ಮಾಂಸವನ್ನು ಒಂದರ ಮೇಲೊಂದು ಇಳಿಸುವುದಕ್ಕೆ ಯಾವ ಮಾತು ಬಳಕೆಯಲ್ಲಿದೆ? ಭಟ್ಕಳ, ಮಂಗಳೂರು, ಕಲಬುರಗಿಯ ಕಡೆಯವರು ದಯವಿಟ್ಟು ತಿಳಿಸಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು. ‘ಏಳು ಹಾಸಿನ’ ಎಂದು ಹೆಸರಿನಲ್ಲಿ ಸಂಖ್ಯೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಏಳು ಎಂಬುದು ರೂಢಿಯಾಗಿದೆ, ಆದರೆ ಆ ಏಳರಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಕಾಳು, ಗ್ವಾಕಮೋಲೆ, ಕೆನೆ, ಚೀಸ್, ಟೊಮೆಟೊ, ಈರುಳ್ಳಿ ಸೊಪ್ಪು, ಆಲಿವ್‌ಗೆ ಲೆಕ್ಕ ಮುಗಿಯುತ್ತದೆ. ಕೈಮಾ ಸೇರಿದರೆ ಎಂಟು. ಆಲಿವ್ ಕಂಡರಾಗದವರ ಮನೆಯಲ್ಲಿ ಮತ್ತೆ ಏಳು.

ಮೂರನೆಯದು ‘ಗ್ರೌಂಡ್ ಬೀಫ್’. ಇದರಲ್ಲಿ ಎರಡು ತೊಡಕು. ಗ್ರೌಂಡ್ ಎಂದೊಡನೆ ಅನುವಾದಕರು ‘ಅರೆದ’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ: ರಾಗಿಯನ್ನು ಬೀಸುತ್ತೇವೆ, ಚಟ್ನಿಯನ್ನು ಅರೆಯುತ್ತೇವೆ, ಮೆಣಸನ್ನು ಕುಟ್ಟುತ್ತೇವೆ, ಮಾಂಸವನ್ನು ಕೊಚ್ಚುತ್ತೇವೆ. ಅರೆದ ಮಾಂಸವೆಂದರೆ ನುಣ್ಣನೆಯ ಮುದ್ದೆ. ಇಲ್ಲಿನ ಅಂಗಡಿಯಲ್ಲಿ ಸಿಗುವುದು ಯಂತ್ರದ ತೂತುಗಳ ಮೂಲಕ ಎಳೆ ಎಳೆಯಾಗಿ ಬಂದದ್ದು, ಹುರಿದಾಗ ಉದುರುದುರಾಗುವಂಥದ್ದು. ಕೈಮಾ ಎಂಬ ಪದ ನಮ್ಮಲ್ಲಿ ಇರುವಾಗ ಬೇರೆ ಹುಡುಕುವ ಅಗತ್ಯವೇ ಇಲ್ಲ. ಉರ್ದುವಿನ ಖೀಮಾ, ಕೀಮಾಗಳ ಬಂಧು ಅದು. ಮಂಡ್ಯ, ಮೈಸೂರಿನ ಮಿಲಿಟರಿ ಹೋಟೆಲುಗಳ ಕೈಮಾ ಉಂಡೆ ತಿಂದವರು ಅದನ್ನು ಪರಭಾಷೆಯ ಪದವೆಂದು ಒಪ್ಪಲಾರರು. ಕೈಯಲ್ಲಿ ಕೊಚ್ಚುವುದರಿಂದ ಕೈಮಾ ಎಂಬ ವಿವರಣೆಯನ್ನೂ ಕೇಳಿದ್ದೇನೆ. ಚೆನ್ನಾಗಿದೆ, ನಿರುಕ್ತಿಯಲ್ಲ.

ಇನ್ನು ಬೀಫ್. ಪತ್ರಿಕೆಗಳಲ್ಲಿ ಗೋಮಾಂಸ ಎಂದು ಓದುತ್ತೇವೆ. ಕಾನೂನು, ಪ್ರತಿಭಟನೆ, ಹೇಳಿಕೆಗಳ ಜೊತೆ ಬೆಸೆದುಕೊಂಡ ಪದ ಅದು. ತಿನ್ನುವವರ ಮನೆಗಳಲ್ಲಿ ನಾನು ಕೇಳಿದ್ದು ದನದ ಮಾಂಸ. ಬೆಂಗಳೂರಿನ ಹೋಟೆಲುಗಳ ಬೋರ್ಡಿನ ಮೇಲೆ ಬೀಫ್ ಎಂದೇ ಇರುತ್ತದೆ, ತಟ್ಟೆಗೆ ಬರುವುದು ಅನೇಕ ಸಲ ಎಮ್ಮೆ ಅಥವಾ ಕೋಣದ ಮಾಂಸ. ಅಮೆರಿಕದಲ್ಲಿ ಬೀಫ್ ಎಂದರೆ ಎಮ್ಮೆಯಲ್ಲ. ಹೆಚ್ಚಾಗಿ ಬೀಜ ಒಡೆದ ಎಳೆಯ ಹೋರಿಗಳು ಮತ್ತು ಕಡಸುಗಳು. ಹಸು, ಎತ್ತು, ಹೋರಿ, ಕಡಸು ಎಲ್ಲವನ್ನೂ ಒಳಗೊಳ್ಳುವ ಪದ ದನ. ಆದ್ದರಿಂದ ‘ದನದ ಕೈಮಾ’ ಎಂದು ಬರೆಯುವುದು ವಾಸ್ತವಕ್ಕೂ ಸರಿ, ಕಿವಿಗೂ ತಣ್ಣಗಿದೆ. ಬೀಫ್ ತಿನ್ನದವರು ಪುಟ ತಿರುಗಿಸಿ ಮುಂದೆ ಹೋಗಲು ಪದ ಸ್ಪಷ್ಟವಾಗಿದ್ದರೆ ಅವರಿಗೂ ಅನುಕೂಲ. ಅವರಿಗಾಗಿ ಕೊನೆಯಲ್ಲಿ, ಕುರಿಯ ಅಥವಾ ಟರ್ಕಿ ಕೋಳಿಯ ಕೈಮಾ ಆಗಬಹುದು, ಬರೀ ಕಾಳಿನಿಂದಲೂ ಆಗುತ್ತದೆ ಎಂದು ಸೇರಿಸಿದ್ದೇನೆ. ಅಂದ ಹಾಗೆ, ಹಾವೇರಿ ಕಡೆಯ ಗೆಳತಿಯೊಬ್ಬರು ಚಿಪ್ಸ್‌ನ ಮೆಕ್ಕೆಜೋಳವನ್ನು ‘ಗೋವಿನಜೋಳ’ ಎಂದು ತಿದ್ದಿದ್ದಾರೆ. ಅವರ ಊರಿಗೆ ಅದೇ ಸರಿ. ಈ ಒಂದು ಅಡುಗೆಯಲ್ಲಿ ಮಾತ್ರ ಬೇಡವೆಂದು ಕೇಳಿಕೊಂಡಿದ್ದೇನೆ.

ಇಡೀ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಣ್ಣದ ಮಾತು. ಇಂಗ್ಲಿಷಿನ ವಿಧಾನಗಳಲ್ಲಿ ಮಾಂಸವನ್ನು ‘ಬ್ರೌನ್’ ಮಾಡಿ ಎಂದಿರುತ್ತದೆ. ಕನ್ನಡದ ಅಡುಗೆ ಬರಹದಲ್ಲಿ ಇದಕ್ಕೆ ಸಿದ್ಧವಾಗಿರುವ ಮಾತು ‘ಕೆಂಪಗಾಗುವವರೆಗೆ ಹುರಿಯಿರಿ’. ಈರುಳ್ಳಿಗೆ, ರವೆಗೆ, ಕಡಲೆಬೇಳೆಗೆ ಅದು ಸೊಗಸು. ಆ ಕೆಂಪು ಕೆಂಪಲ್ಲ, ಹೊಂಬಣ್ಣವೆಂದು ಎಲ್ಲರಿಗೂ ಗೊತ್ತು. ಆದರೆ ಹಸಿ ಕೈಮಾ ಮೊದಲಿನಿಂದಲೇ ಕೆಂಪು! ಅದು ಕೆಂಪು ಕಳೆದುಕೊಂಡು ಬೂದುಬಣ್ಣವಾಗಿ, ನೀರು ಇಂಗಿದ ಮೇಲೆ ಕಂದು ಬಣ್ಣಕ್ಕೆ ತಿರುಗಬೇಕು. ರೂಢಿಯ ಮಾತನ್ನು ಬರೆದರೆ ಅರ್ಥ ತಿರುಗುಮುರುಗಾಗುತ್ತದೆ, ಅಪಾಯವೂ ಇದೆ. ಮಾಂಸವನ್ನು ಕೈಮಾ ಮಾಡಿದಾಗ ಮೇಲ್ಮೈಯಲ್ಲಿದ್ದ ಸೂಕ್ಷ್ಮಜೀವಿಗಳು ಒಳಗೆಲ್ಲ ಬೆರೆಯುತ್ತವೆ. ಅದಕ್ಕಾಗಿಯೇ ಇಲ್ಲಿನ ಕೃಷಿ ಇಲಾಖೆ ಕೈಮಾದ ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಅಳತೆಯಲ್ಲಿ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಬಣ್ಣವನ್ನು ನಂಬಬಾರದು ಎನ್ನುತ್ತದೆ. ‘ಕೆಂಪು ಹೋಗಿ ಕಂದಾಗುವವರೆಗೆ’ ಎಂದು ಬರೆದು, ಪಕ್ಕದಲ್ಲಿ ಶಾಖದ ಅಂಕಿಯನ್ನೂ ಕೊಟ್ಟಿದ್ದೇನೆ. ‘ಬಾಡಿಸು’ ಎಂಬುದನ್ನು ಸೊಪ್ಪು ಈರುಳ್ಳಿಗಳಿಗೆ ಬಿಟ್ಟಿದ್ದೇನೆ.

ಉಳಿದವುಗಳಲ್ಲಿ ಕನ್ನಡ ಧಾರಾಳವಾಗಿದೆ. ಹುರಿದ ಕೈಮಾದಿಂದ ಇಳಿದ ಕೊಬ್ಬನ್ನು ‘ಡ್ರೇನ್’ ಮಾಡುವುದಕ್ಕೆ ಬಸಿಯುವುದು. ಬೆಂದ ಕಾಳನ್ನು ‘ಮ್ಯಾಶ್’ ಮಾಡುವುದಕ್ಕೆ ಮಸೆಯುವುದು. ಬಸ್ಸಾರು, ಮಸ್ಸೊಪ್ಪು ಉಂಡು ಬೆಳೆದವರಿಗೆ ಇವುಗಳನ್ನು ವಿವರಿಸಬೇಕಿಲ್ಲ. ಮಾಂಸದೊಳಗಿನ ಕೊಬ್ಬಿಗೆ ‘ನೆಣ’ ಎಂಬ ಹಳೆಯ ಪದ ಇನ್ನೂ ಬದುಕಿದೆ, ಬಳಸಿಕೊಂಡಿದ್ದೇನೆ. ಹೀಗೆ ಮಸೆದ ಕಾಳಿನ ಇಂಗ್ಲಿಷ್ ಹೆಸರಾದ ‘ರಿಫ್ರೈಡ್ ಬೀನ್ಸ್’ ಅನ್ನು ‘ಮರುಹುರಿದ ಹುರುಳಿ’ ಎಂದು ಯಾರೂ ಬರೆಯದಿರಲಿ. ಹುರುಳಿ ಬೇರೆಯೇ ಕಾಳು. ಹುರಿಯುವುದೂ ಒಂದೇ ಸಲ. ಸ್ಪ್ಯಾನಿಷಿನ ‘ರೆಫ್ರಿತೋಸ್’ನಲ್ಲಿರುವ ‘ರೆ’ ಮತ್ತೊಮ್ಮೆ ಎಂಬುದಕ್ಕಲ್ಲ, ಚೆನ್ನಾಗಿ ಎಂಬುದಕ್ಕೆ. ಸವರ್ ಕ್ರೀಮ್‌ಗೆ ‘ಹುಳಿಗೆನೆ’ ಎಂದಿದ್ದೇನೆ; ಕೆನೆಯನ್ನೇ ಹೆಪ್ಪುಗಟ್ಟಿಸಿ ಮಾಡುವಂಥದ್ದಾದ್ದರಿಂದ ಹೆಸರು ಸುಳ್ಳಲ್ಲ.

ಕರಡು ಹೀಗಿದೆ. ಪದಗಳನ್ನು ತಿದ್ದಿ, ಅಡುಗೆಯನ್ನು ಅಲ್ಲ:

‘ದನದ ಕೈಮಾ 450 ಗ್ರಾಂ. ನೆಣ ಕಡಿಮೆ ಇರುವುದನ್ನು ಆರಿಸಿಕೊಳ್ಳಿರಿ. ಅಗಲವಾದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಗಂಟುಗಳನ್ನು ಒಡೆಯುತ್ತ, ಕೆಂಪು ಹೋಗಿ ಕಂದಾಗುವವರೆಗೆ (ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್, 160 ಡಿಗ್ರಿ ಫ್ಯಾರನ್‌ಹೀಟ್) ಹುರಿಯಿರಿ. ಕೊಬ್ಬನ್ನು ಬಸಿದು, ಒಣಮೆಣಸಿನ ಪುಡಿ, ಜೀರಿಗೆ ಪುಡಿ, ಬೆಳ್ಳುಳ್ಳಿ, ಒರೆಗಾನೊ, ಉಪ್ಪು ಮತ್ತು ಅರ್ಧ ಲೋಟ ನೀರು ಹಾಕಿ, ನೀರು ಇಂಗಿದ ಮೇಲೆ ಇಳಿಸಿ ಪೂರ್ತಿ ಆರಲು ಬಿಡಿರಿ. ಬಿಸಿಯಿರುವಾಗಲೇ ಹಾಸಿದರೆ ಮೇಲಿನ ಹುಳಿಗೆನೆ ಕರಗಿ ನೀರಾಗುತ್ತದೆ. ಎರಡು ಬೆಣ್ಣೆಹಣ್ಣುಗಳನ್ನು ನಿಂಬೆರಸ, ಉಪ್ಪು ಸೇರಿಸಿ ಮಸೆಯಿರಿ. ನಿಂಬೆರಸ ಅದು ಬೇಗ ಕಪ್ಪಾಗದಂತೆ ತಡೆಯುತ್ತದೆ. 23 ಸೆಂ.ಮೀ. ಅಗಲ, 33 ಸೆಂ.ಮೀ. ಉದ್ದದ ಗಾಜಿನ ತಟ್ಟೆಯಲ್ಲಿ ಮಸೆದ ಕಾಳನ್ನು ಮೊದಲು ಹಾಸಿರಿ. ಅದರ ಮೇಲೆ ಕೈಮಾ, ಬೆಣ್ಣೆಹಣ್ಣು, ಹುಳಿಗೆನೆ, ಚೀಸ್ ತುರಿ. ಬೀಜ ತೆಗೆದು ಹೆಚ್ಚಿದ ಟೊಮೆಟೊ, ಈರುಳ್ಳಿ ಸೊಪ್ಪು, ಆಲಿವ್‌ಗಳನ್ನು ಬಡಿಸುವ ಮೊದಲು ಉದುರಿಸಿರಿ. ಫ್ರಿಜ್ಜಿನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಚಿಪ್ಸ್‌ನಿಂದ ತಳದವರೆಗೆ ಗೋರಿಕೊಂಡು ತಿನ್ನಿರಿ. ಬೀಫ್ ತಿನ್ನದವರಿಗೆ ಕುರಿಯ ಅಥವಾ ಟರ್ಕಿ ಕೋಳಿಯ ಕೈಮಾ ಆಗಬಹುದು, ಬರೀ ಕಾಳಿನಿಂದಲೂ ಆಗುತ್ತದೆ.’

ತಲೆಬರಹ: ‘ಹಾಸು ಹಾಸಾದ ಟಾಕೊ ನೆಂಚಿಕೆ, ದನದ ಕೈಮಾದೊಂದಿಗೆ’. ಟಾಕೊ ಎಂಬುದನ್ನು ಸ್ಪ್ಯಾನಿಷಿನ ದಂತ್ಯ ತಕಾರ ಹಿಡಿದು ‘ತಾಕೊ’ ಎಂದು ಬರೆಯಬೇಕೆಂದು ಒಬ್ಬರ ವಾದ. ಉಚ್ಚಾರಣೆಯ ಮಟ್ಟಿಗೆ ಅವರು ಹೇಳುವುದು ಸರಿ. ಆದರೂ ಇಲ್ಲಿ ನಮ್ಮವರಿಗೆ ಕೇಳಿಸುವುದು ಟಕಾರವೇ, ಅದನ್ನೇ ಉಳಿಸಿಕೊಂಡಿದ್ದೇನೆ.

ಕೈಪಿಡಿ ಇನ್ನೇನು ಅಚ್ಚಿಗೆ ಹೋಗಲಿದೆ. ಎಲ್ಲಕ್ಕೂ ಉತ್ತರಿಸಲು ಬಿಡುವಿಲ್ಲದವರು ಇದೊಂದನ್ನಾದರೂ ತಿಳಿಸಿ: ನಿಮ್ಮ ಕಡೆ ‘ಗೋರು’ ಎಂಬ ಮಾತು ಊಟದ ತಟ್ಟೆಯ ಹತ್ತಿರ ಬರುತ್ತದೆಯೇ, ಇಲ್ಲ ಮಣ್ಣು, ಗೊಬ್ಬರ, ಕಾಳುಗಳ ರಾಶಿಗೆ ಮಾತ್ರ ಸೀಮಿತವೇ? ಗೊಬ್ಬರಕ್ಕೇ ಮೀಸಲು ಎಂದು ನಾಲ್ಕು ಜನ ಹೇಳಿದರೆ ‘ಎತ್ತಿಕೊಂಡು ತಿನ್ನಿರಿ’ ಎಂದು ಬದಲಿಸುತ್ತೇನೆ.

ವಂದನೆಗಳು.