ರೂನ್‌ಸ್ಕೇಪ್‌ನ ಹೊಸ ಯುದ್ಧ ಪದ್ಧತಿ: ಒಂದೇ ಕೈಯಲ್ಲಿ ಆಡುವವನು ಹೇಗೆ ಹೊಂದಿಕೊಳ್ಳುವುದು?

ತುಂಗಾದಡ | 26 ನವೆಂಬರ್ 2012, ರಾತ್ರಿ 10.40

ಹೋದ ಮಂಗಳವಾರ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ ಹೋರಾಡುವ ರೀತಿಯನ್ನೇ ಬದಲಿಸಿದ ‘ಎವಲ್ಯೂಷನ್ ಆಫ್ ಕಾಂಬ್ಯಾಟ್’ ಅಪ್‌ಡೇಟ್ ಬಂದಾಗಿನಿಂದ ನಾನು ಒಂದು ದಿನವೂ ನೆಮ್ಮದಿಯಿಂದ ಆಡಿಲ್ಲ. ಆರು ದಿನ ಒಬ್ಬನೇ ಹೆಣಗಾಡಿ ನೋಡಿದೆ. ಇನ್ನು ಕೇಳದೆ ಗತಿಯಿಲ್ಲ. ಅಪ್‌ಡೇಟ್ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಎಲ್ಲ ಕಡೆ ನಡೆಯುತ್ತಿದೆ. ಅದನ್ನು ಇಲ್ಲಿಗೆ ತರುವುದು ಬೇಡ. ನನ್ನ ಪ್ರಶ್ನೆ ಬೇರೆ.

ನನ್ನ ಎಡಗೈ ಬೆರಳುಗಳು ಹುಟ್ಟಿನಿಂದಲೇ ಮಡಚಿಕೊಂಡಿವೆ. ಚೀಲ ನೇತುಹಾಕಿಕೊಳ್ಳಬಹುದು, ಕಾಗದ ಹಾರದಂತೆ ಒತ್ತಿಹಿಡಿಯಬಹುದು. ಆದರೆ ಕೀಬೋರ್ಡಿನ ಒಂದು ಕೀಲಿಯನ್ನೂ ಒತ್ತಲು ಆಗುವುದಿಲ್ಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಅದಕ್ಕೆ ಬಲಗೈ ಸಾಕು. 2006ರಲ್ಲಿ ಪಿಯುಸಿ ಓದುವಾಗ ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಈ ಆಟ ಶುರು ಮಾಡಿದೆ. ಗೆಳೆಯರು ಆಡುತ್ತಿದ್ದ ಗುಂಡು ಹಾರಿಸುವ ಆಟಗಳಿಗೆಲ್ಲ ಎರಡು ಕೈ ಬೇಕು. ನಾನು ಅವರ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ರೂನ್‌ಸ್ಕೇಪ್ ಹಾಗಲ್ಲ. ದೈತ್ಯನ ಮೇಲೆ ಒಂದು ಕ್ಲಿಕ್ ಮಾಡಿದರೆ ನನ್ನ ಪಾತ್ರ ನಡೆದುಹೋಗಿ ಕತ್ತಿ ಬೀಸುತ್ತಿತ್ತು. ಜೀವ ಕಡಿಮೆಯಾದರೆ ಲಾಬ್ಸ್ಟರ್ ಮೇಲೆ ಇನ್ನೊಂದು ಕ್ಲಿಕ್. ನನ್ನ ಎದುರು ನಿಂತವನಿಗೆ ಎರಡು ಕೈ ಇದ್ದರೂ ಅವನೂ ಮಾಡುತ್ತಿದ್ದದ್ದು ಅಷ್ಟೇ. ಆರು ವರ್ಷ ನನ್ನ ಕೈಯ ವಿಷಯ ಆ ಲೋಕದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾದ ಪ್ರಸಂಗವೂ ಬರಲಿಲ್ಲ. ನನಗೆ ಈ ಆಟ ಏಕೆ ಇಷ್ಟು ಹತ್ತಿರ ಎಂದರೆ ಇದಕ್ಕೇ.

ಈಗ ಪರದೆಯ ಕೆಳಗೆ ಹನ್ನೆರಡು ಚೌಕಗಳ ಆಕ್ಷನ್ ಬಾರ್ ಬಂದು ಕುಳಿತಿದೆ. ಒಂದೊಂದು ಚೌಕದಲ್ಲಿ ಒಂದೊಂದು ಹೊಡೆತ; ಅವನ್ನು ಒತ್ತಲು ಕೀಬೋರ್ಡಿನ 1ರಿಂದ 0, ಆಮೇಲೆ ಇನ್ನೆರಡು ಕೀಲಿ. ಮೊದಲಿನಂತೆ ಕ್ಲಿಕ್ ಮಾಡಿ ಬಿಟ್ಟರೆ ಪಾತ್ರ ಹೊಡೆಯುತ್ತದೆ ನಿಜ, ಆದರೆ ಆ ಹೊಡೆತ ಸೊಳ್ಳೆ ಕಚ್ಚಿದಂತೆ. ಜೀವದ ಅಂಕಗಳೆಲ್ಲ ಹತ್ತು ಪಟ್ಟಾಗಿವೆ; 99ನೇ ಲೆವೆಲ್‌ನಲ್ಲಿ 990 ಇದ್ದದ್ದು ಈಗ 9,900. ಅತಿ ಹೆಚ್ಚಿನ ಯುದ್ಧ ಲೆವೆಲ್ 138ರಿಂದ 200ಕ್ಕೆ ಹೋಗಿದೆ. ಲಾಸ್ಟ್ ಸಿಟಿ ಕ್ವೆಸ್ಟ್ ಮುಗಿಸಿ ಪಡೆದ ಡ್ರ್ಯಾಗನ್ ಕಠಾರಿಯ ಜೋಡಿ ಹೊಡೆತ ಇಲ್ಲವಾಗಿದೆ.

ನಿನ್ನೆ ಎಜ್‌ವಿಲ್ ನೆಲಮಾಳಿಗೆಯಲ್ಲಿ ಹಿಲ್ ಜೈಂಟ್‌ಗಳ ಜೊತೆ ಅಭ್ಯಾಸ ಮಾಡಿದೆ. ಆಕ್ಷನ್ ಬಾರ್ ಮೇಲೆ ಮೌಸ್ ಒಯ್ದು ಒತ್ತುವಷ್ಟರಲ್ಲಿ ಕಣ್ಣು ದೈತ್ಯನಿಂದ ತಪ್ಪುತ್ತದೆ. ಊಟ ಇರುವುದು ಪರದೆಯ ಬಲಮೂಲೆಯ ಚೀಲದಲ್ಲಿ, ಬಾರ್ ಇರುವುದು ಎಡಗಡೆ ಕೆಳಗೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯತೊಡಗಿತು. ಬಲಗೈ ನೋವಾದರೆ ನನ್ನ ಹೊಟ್ಟೆಪಾಡಿಗೆ ಕುತ್ತು, ಹಾಗಾಗಿ ಹಟ ಹಿಡಿದು ಆಡುವಂತೆಯೂ ಇಲ್ಲ. ಮಸ್ಕತ್‌ನಲ್ಲಿರುವ ಮಂಗಳೂರಿನ ಗೆಳೆಯನ ಜೊತೆ ಪ್ರತಿ ಶುಕ್ರವಾರ ಆಟದೊಳಗಿನ ಬ್ಯಾರೋಸ್ ಗೋರಿಗಳಿಗೆ ಹೋಗುವ ರೂಢಿ ನಾಲ್ಕು ವರ್ಷದ್ದು. ಈ ಶುಕ್ರವಾರ ಹೋಗಲಿಲ್ಲ. ಕರೆಂಟ್ ಇಲ್ಲ ಎಂದು ಸುಳ್ಳು ಹೇಳಿದೆ.

ಮೌಸ್ ಒಂದರಲ್ಲೇ ಆಡುವ ದಾರಿ ಉಳಿದಿದೆಯೇ? ಇಲ್ಲವಾದರೆ ಇಲ್ಲ ಎಂದೇ ಹೇಳಿ. ಮರ ಕಡಿಯುತ್ತ, ಮೀನು ಹಿಡಿಯುತ್ತ ಇದ್ದುಬಿಡುತ್ತೇನೆ.

---

ಬಯಲುಸೀಮೆ ಬೇಟೆಗಾರ | 26 ನವೆಂಬರ್ 2012, ರಾತ್ರಿ 11.25

ದಾರಿ ಇದೆ. ಆಗಸ್ಟ್‌ನಲ್ಲಿ ಬೀಟಾ (ಪ್ರಯೋಗದ ಆವೃತ್ತಿ) ತೆರೆದಾಗಿನಿಂದ ನಾನು ಈ ಪದ್ಧತಿಯಲ್ಲೇ ಆಡುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಮೊದಲು ಹೆದರಿಕೆ ಬಿಡಿ. ಹನ್ನೆರಡು ಚೌಕ ಇವೆ ಎಂದು ಹನ್ನೆರಡನ್ನೂ ತುಂಬಬೇಕಿಲ್ಲ. ಒಂದು ಅಬಿಲಿಟಿ, ಅಂದರೆ ಬಾರ್‌ನ ಚೌಕದಲ್ಲಿರುವ ಹೊಡೆತ, ಬಳಸಿದ ಮೇಲೆ ಇನ್ನೊಂದಕ್ಕೆ 1.8 ಸೆಕೆಂಡ್ ಕಾಯಲೇಬೇಕು, ಕೈ ಎಷ್ಟೇ ಚುರುಕಾಗಿದ್ದರೂ. ಅಂದರೆ ಇದು ಬೆರಳುಗಳ ಓಟವಲ್ಲ, ಸರದಿ. ಬೇಸಿಕ್ ಅಬಿಲಿಟಿಗಳು ಒಂದೊಂದೂ ಶೇ 8ರಷ್ಟು ಅಡ್ರಿನಲಿನ್ (ಹೋರಾಡುವಾಗ ತುಂಬುವ ಕಸುವಿನ ಪಟ್ಟಿ) ಕೂಡಿಸುತ್ತವೆ. ಶೇ 50 ತುಂಬಿದ ಮೇಲೆ ಥ್ರೆಶೋಲ್ಡ್ ಅಬಿಲಿಟಿ ಬಳಸಬಹುದು, ಅದು ಶೇ 15 ತಿನ್ನುತ್ತದೆ. ನೂರು ತುಂಬಿದರೆ ಅಲ್ಟಿಮೇಟ್, ಅದು ಎಲ್ಲವನ್ನೂ ಖಾಲಿ ಮಾಡುತ್ತದೆ. ನಿಮ್ಮ ಮಂಡಿಯ ಜಮಾ ಖರ್ಚಿನಂತೆಯೇ ನೋಡಿಕೊಳ್ಳಿ: ಬೇಸಿಕ್ ಎಲ್ಲ ಜಮಾ, ಉಳಿದ ಎರಡು ಖರ್ಚು. ನಾಲ್ಕು ಬೇಸಿಕ್, ಒಂದು ಥ್ರೆಶೋಲ್ಡ್ ಇದ್ದರೆ ಹಿಲ್ ಜೈಂಟ್ ಏನು, ಅದಕ್ಕಿಂತ ದೊಡ್ಡವರನ್ನೂ ನಿಭಾಯಿಸಬಹುದು.

ಎರಡನೆಯದು, ಇದು ನಿಮಗೆ ಎಲ್ಲಕ್ಕಿಂತ ಮುಖ್ಯ: ಆಕ್ಷನ್ ಬಾರ್ ಅಬಿಲಿಟಿಗಳಿಗೆ ಮಾತ್ರ ಎಂದುಕೊಂಡಿದ್ದೀರಿ. ಚೀಲದಲ್ಲಿರುವ ಲಾಬ್ಸ್ಟರ್ ಅನ್ನು ಎಳೆದು ಬಾರ್ ಮೇಲೆ ಹಾಕಿ, ಕೂರುತ್ತದೆ. ಹೋರಾಟಕ್ಕೆ ನೆರವಾಗುವ ಪ್ರೇಯರ್ ಕೂಡ ಕೂರುತ್ತದೆ. ಆಗ ಬಲಮೂಲೆಗೆ ಹೋಗುವ ಕೆಲಸವೇ ಇಲ್ಲ. ಇಡೀ ಯುದ್ಧ ಒಂದು ಸಾಲಿನಲ್ಲಿ, ಮೂರು ಅಂಗುಲದೊಳಗೆ ಮುಗಿಯುತ್ತದೆ.

ಮೂರನೆಯದು, ಕತ್ತಿ ಬಿಟ್ಟು ಬಿಲ್ಲು ಹಿಡಿಯಿರಿ. ಎದುರಾಳಿ ಹತ್ತಿರ ಬರುವವರೆಗೆ ನಿಮಗೆ ಸಮಯ ಸಿಗುತ್ತದೆ. ಬೈಂಡಿಂಗ್ ಶಾಟ್ ಹೊಡೆದರೆ ಅವನು ನಿಂತಲ್ಲೇ ನಿಲ್ಲುತ್ತಾನೆ, ಇನ್ನಷ್ಟು ಸಮಯ. ಎದುರಾಳಿಯ ಮೇಲೆ ಕ್ಲಿಕ್ ಮಾಡಿದಾಗ ಮೂಡುವ ಪೆಟ್ಟಿಗೆಯಲ್ಲಿ ಅವನು ಯಾವುದಕ್ಕೆ ಸೋಲುತ್ತಾನೆ ಎಂಬ ಗುರುತೂ ಇದೆ. ಮೊದಲು ಅದನ್ನು ನೋಡಿ ಆಮೇಲೆ ಹೋರಾಟಕ್ಕೆ ಇಳಿಯಿರಿ. ಹಳೆಯ ಪದ್ಧತಿಯಲ್ಲಿ ಈ ಸುಳಿವೇ ಇರಲಿಲ್ಲ.

---

ಕಾವೇರಿಕೂಸು | 27 ನವೆಂಬರ್ 2012, ಬೆಳಿಗ್ಗೆ 7.05

ಬೇಟೆಗಾರರು ಹೇಳಿದ್ದು ಸರಿ. ನಾನು ಒಂದೇ ಮಾತು ಸೇರಿಸುತ್ತೇನೆ. ಹೆಬ್ಬೆರಳಿನ ಬಳಿ ಎರಡು ಗುಂಡಿ ಇರುವ ಮೌಸ್ ಸಿಗುತ್ತದೆ. ಅದರ ಜೊತೆ ಬರುವ ತಂತ್ರಾಂಶದಲ್ಲಿ ಒಂದು ಗುಂಡಿಗೆ 1, ಇನ್ನೊಂದಕ್ಕೆ 2 ಎಂದು ಕೊಡಬಹುದು. ನನ್ನ ತಂದೆಗೆ ಪಾರ್ಶ್ವವಾಯು ಆದ ಮೇಲೆ ಟೈಪಿಂಗ್‌ಗೆಂದು ತಂದಿದ್ದೆವು, ಅದರಲ್ಲೇ ನಾನು ಈಗ ಆಡುತ್ತೇನೆ. ಆದರೆ ಎಚ್ಚರ: ಒಂದು ಒತ್ತಿಗೆ ಒಂದೇ ಕೆಲಸ ಇರಲಿ. ಒಂದು ಗುಂಡಿ ಒತ್ತಿದರೆ ತಾನಾಗಿ ಐದು ಅಬಿಲಿಟಿ ನಡೆಯುವಂತೆ ಮಾಡಿಕೊಂಡರೆ ಅದು ಮ್ಯಾಕ್ರೋ, ಖಾತೆ ಹೋಗುತ್ತದೆ.

ಗೆಳೆಯನಿಗೆ ನಿಜ ಹೇಳಿ. ನಾಲ್ಕು ವರ್ಷ ಜೊತೆ ಆಡಿದವರು ಒಂದು ತಿಂಗಳು ಕಾಯುವುದಿಲ್ಲವೇ?

---

ಹಳೇಬೇರು | 27 ನವೆಂಬರ್ 2012, ಮಧ್ಯಾಹ್ನ 1.50

ಇಷ್ಟೆಲ್ಲ ಕಸರತ್ತು ಏಕೆ? ನಾನು ಶನಿವಾರವೇ ಸದಸ್ಯತ್ವ ನಿಲ್ಲಿಸಿದೆ. ದುಡಿದು ಬಂದು ರಾತ್ರಿ ಒಂದು ಗಂಟೆ ಆಡುವವನು ನಾನು. ಕ್ಲಿಕ್ ಮಾಡಿ, ಚಹಾ ಕುಡಿಯುತ್ತ, ಗೆಳೆಯರ ಜೊತೆ ಮಾತಾಡುವ ಬಿಡುವು ಆ ಆಟದಲ್ಲಿತ್ತು. ನನಗೆ ಬೇಕಾಗಿದ್ದದ್ದು ಆ ಬಿಡುವು. ಅದು ಹೋದ ಮೇಲೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ನನ್ನದಲ್ಲ.

---

ತುಂಗಾದಡ | 9 ಡಿಸೆಂಬರ್ 2012, ರಾತ್ರಿ 9.15

ಎಲ್ಲರಿಗೂ ಉತ್ತರಿಸಲು ಎರಡು ವಾರ ಬೇಕಾಯಿತು. ಮಾಡಿ ನೋಡದೆ ಬರೆಯಬಾರದು ಎಂದುಕೊಂಡಿದ್ದೆ.

ಹಳೇಬೇರು ಅವರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಡ್ರೇನರ್‌ನಲ್ಲಿ ವಿಲೋ ಮರ ಕಡಿಯುತ್ತ ನಾನು ಮಾಡಿದಷ್ಟು ಮಾತು ಕಾಲೇಜಿನಲ್ಲೂ ಮಾಡಿಲ್ಲ. ಆದರೆ ಬಿಟ್ಟುಹೋಗಲು ನನಗೆ ಮನಸ್ಸು ಬರಲಿಲ್ಲ.

ಲಾಬ್ಸ್ಟರ್ ಬಾರ್ ಮೇಲೆ ಕುಳಿತಿತು! ಇಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ. ಸಾವಿರದ ಇನ್ನೂರು ರೂಪಾಯಿ ಕೊಟ್ಟು ಪಕ್ಕದ ಗುಂಡಿಯ ಮೌಸ್ ತಂದೆ. ಒಂದು ವಾರ ಲಂಬ್ರಿಜ್‌ನ ಹಸುಗಳ ಮೇಲೆ ಅಭ್ಯಾಸ ಮಾಡಿದೆ, ಮತ್ತೆ ಹಿಲ್ ಜೈಂಟ್‌ಗಳ ಹತ್ತಿರ ಹೋದೆ. ವಾರಕ್‌ನ ಪಶ್ಚಿಮದ ಗುಡಿಸಲಿನ ಬಾಗಿಲು, ಹಿತ್ತಾಳೆ ಕೀಲಿಕೈ, ಏಣಿ ಇಳಿದರೆ ಅದೇ ಕತ್ತಲು. ದೂರದಿಂದ ಬಿಲ್ಲು ಎತ್ತಿದೆ. ಹೆಬ್ಬೆರಳ ಮುಂದಿನ ಗುಂಡಿ, ಪಿಯರ್ಸಿಂಗ್ ಶಾಟ್. ಅವನು ನನ್ನತ್ತ ಎರಡು ಹೆಜ್ಜೆ ಹಾಕಿದ. ಹಿಂದಿನ ಗುಂಡಿ, ಬೈಂಡಿಂಗ್ ಶಾಟ್. ಗದೆ ಎತ್ತಿಕೊಂಡವನು ಅಲ್ಲೇ ನಾಟಿದಂತೆ ನಿಂತ. ಆಗ ನನಗೆ ಉಸಿರಾಡಲು ಸಮಯ ಸಿಕ್ಕಿತು. ಮೌಸನ್ನು ಬಾರ್ ಮೇಲೆ ತಂದು ಫ್ರಾಗ್‌ಮೆಂಟೇಷನ್ ಶಾಟ್ ಒತ್ತಿದೆ, ಅದರ ಗಾಯ ತಾನಾಗಿ ಇಳಿಯುತ್ತ ಹೋಗುತ್ತದೆ. ಮತ್ತೆ ಹೆಬ್ಬೆರಳು. ಅವನು ನನ್ನನ್ನು ಮುಟ್ಟುವ ಮೊದಲೇ ಬಿದ್ದ, ದೊಡ್ಡ ಮೂಳೆ ನೆಲದ ಮೇಲೆ ಉಳಿಯಿತು. ಒಂದೂ ಲಾಬ್ಸ್ಟರ್ ತಿಂದಿರಲಿಲ್ಲ. ಮಧ್ಯರಾತ್ರಿ ಆಗಿತ್ತು, ಅಮ್ಮ ಎದ್ದು ಬಂದು ಏನಾಯಿತು ಎಂದು ಕೇಳುವಷ್ಟು ಜೋರಾಗಿ ಮೇಜು ಬಡಿದೆ.

1.8 ಸೆಕೆಂಡಿನ ಲೆಕ್ಕ ತಿಳಿದ ಮೇಲೆ ಮನಸ್ಸು ತಿಳಿಯಾಯಿತು. ಎರಡು ಕೈಯವನೂ ಅಷ್ಟು ಹೊತ್ತು ಕಾಯಬೇಕು, ನಾನೂ ಕಾಯಬೇಕು. ಆ ಕಾಯುವಿಕೆಯಲ್ಲಿ ನನ್ನ ಒಂದು ಕೈ ಮುಂದಿನ ಚೌಕಕ್ಕೆ ತಲುಪಿರುತ್ತದೆ.

ಇನ್ನೊಂದು ತೊಡಕು ಉಳಿದಿದೆ. ಬ್ಯಾರೋಸ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಆರು ಸಹೋದರರ ಜೊತೆ ಹೋರಾಡಬೇಕು. ನಡುವೆ ಜೀವ ತುಂಬಿಸಿಕೊಳ್ಳುವುದರಲ್ಲೇ ಊಟವೆಲ್ಲ ಮುಗಿಯುತ್ತಿದೆ. ಏನು ಮಾಡಲಿ?

---

ಬಯಲುಸೀಮೆ ಬೇಟೆಗಾರ | 9 ಡಿಸೆಂಬರ್ 2012, ರಾತ್ರಿ 9.50

ಓದಿ ಬಹಳ ಸಂತೋಷವಾಯಿತು. ರೀಜನರೇಟ್ ಅಬಿಲಿಟಿಯನ್ನು ಬಾರ್ ಮೇಲೆ ಹಾಕಿ. ಹೊಡೆದಾಟ ಮುಗಿದ ಕೂಡಲೇ ಒತ್ತಿದರೆ ಉಳಿದಿರುವ ಅಡ್ರಿನಲಿನ್ ಜೀವವಾಗಿ ಬದಲಾಗುತ್ತದೆ. ಆದ್ದರಿಂದ ಒಬ್ಬ ಸಹೋದರ ಸಾಯುವ ಹೊತ್ತಿಗೆ ಅಡ್ರಿನಲಿನ್ ಖರ್ಚು ಮಾಡಬೇಡಿ, ಕೊನೆಯ ಹೊಡೆತಗಳು ಬೇಸಿಕ್ ಆಗಿರಲಿ. ಮತ್ತೆ ಅಹ್ರಿಮ್ ಮಂತ್ರವಾದಿ, ನಿಮ್ಮ ಬಿಲ್ಲಿಗೆ ಸೋಲುತ್ತಾನೆ. ಕರಿಲ್ ತಾನೇ ಬಾಣ ಬಿಡುವವನು, ಅವನಿಗೆ ಕತ್ತಿಯೇ ಸರಿ. ಉಳಿದ ನಾಲ್ವರೂ ಹತ್ತಿರ ಬಂದು ಆಯುಧದಿಂದ ಹೊಡೆಯುವವರು, ಅವರಿಗೆ ಮಂತ್ರ. ಮೂರನ್ನೂ ಒಂದೇ ದಿನ ಕಲಿಯಲು ಹೋಗಬೇಡಿ. ಕರಿಲ್‌ನನ್ನು ಸದ್ಯಕ್ಕೆ ಬಿಟ್ಟುಬಿಡಿ.

---

ಹಳೇಬೇರು | 23 ಫೆಬ್ರವರಿ 2013, ಬೆಳಿಗ್ಗೆ 11.30

ತುಂಗಾದಡ ಅವರೇ, ಸುದ್ದಿ ಕೇಳಿರಬೇಕು. 2007ರ ಆಗಸ್ಟ್‌ನ ಪ್ರತಿಯಿಂದ ಹಳೆಯ ಆಟವನ್ನು ನಿನ್ನೆ ಮತ್ತೆ ತೆರೆದಿದ್ದಾರೆ. ಅದು ಬೇಕೆಂದು ನಾನು ಮತ ಹಾಕಿದ್ದೆ, ರಾತ್ರಿಯೆಲ್ಲ ಅಲ್ಲೇ ಇದ್ದೆ. ಒಂದು ಕ್ಲಿಕ್, ಅಷ್ಟೇ! ನಿಮಗೆ ಹೇಳಿ ಮಾಡಿಸಿದಂತಿದೆ. ಎಲ್ಲರೂ ಲೆವೆಲ್ 3ರಿಂದ ಶುರು ಮಾಡಬೇಕು, ಹಳೆಯ ಖಾತೆಯ ಗಳಿಕೆ ಯಾವುದೂ ಬರುವುದಿಲ್ಲ. ಅದು ನನಗೇನೂ ದುಃಖವಲ್ಲ. ಬನ್ನಿ.

---

ತುಂಗಾದಡ | 3 ಮಾರ್ಚ್ 2013, ಮಧ್ಯಾಹ್ನ 3.20

ಬಂದಿದ್ದೆ. ನಿಮಗೆ ಹೇಳದೆ ಎರಡು ಸಂಜೆ ಆಡಿದೆ. ಲಂಬ್ರಿಜ್ ಸೇತುವೆಯ ಆಚೆ ಹಸುಗಳ ಹೊಲದಲ್ಲಿ ನೂರಾರು ಜನ, ಒಂದು ಹಸುವಿಗೆ ಹತ್ತು ಮಂದಿ. ಎಲ್ಲರ ಮೈಮೇಲೆ ಕಂಚಿನ ಕತ್ತಿ, ಎಲ್ಲರ ಬಾಯಲ್ಲೂ ಹಳೆಯ ಕಥೆ. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ನವೆಂಬರ್‌ನಲ್ಲಿ ಇದು ಸಿಕ್ಕಿದ್ದರೆ ಹಿಂದೆ ತಿರುಗಿ ನೋಡದೆ ಬರುತ್ತಿದ್ದೆ.

ಈಗ ಹಾಗೆ ಆಗುವುದಿಲ್ಲ. ಇಲ್ಲಿ ನನ್ನ ಮೀನುಗಾರಿಕೆಯ ಲೆವೆಲ್ 92ಕ್ಕೆ ಬಂದಿದೆ. ಗೊತ್ತಿದ್ದವರಿಗೆ ಗೊತ್ತು, ಅಂಕದ ಲೆಕ್ಕದಲ್ಲಿ 99ರ ಅರ್ಧ ದಾರಿ ಅದು. ಅಲ್ಲಿಗೆ ಬರಲು ನನಗೆ ಆರು ವರ್ಷ ಹಿಡಿದಿದೆ. ಮಸ್ಕತ್‌ನ ಗೆಳೆಯ ಇಲ್ಲೇ ಇದ್ದಾನೆ. ಡಿಸೆಂಬರ್‌ನಲ್ಲಿ ಅವನಿಗೆ ಕೈಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ, “ಹಾಗಾದರೆ ಕರಿಲ್‌ನ ತಂಟೆಗೆ ಹೋಗಬೇಡ, ಉಳಿದವರನ್ನು ನೋಡಿಕೋ” ಎಂದ. ಅಂದಿನಿಂದ ಅದೇ ನಡೆಯುತ್ತಿದೆ. ಹಳೆಯ ಆಟಕ್ಕೆ ಭಾನುವಾರ ಒಂದು ಗಂಟೆ ಬರುತ್ತೇನೆ, ಡ್ರೇನರ್‌ನ ವಿಲೋ ಮರಗಳ ಹತ್ತಿರ ಹುಡುಕಿ.

---

ಮಲೆನಾಡಹುಡುಗಿ | 5 ಮಾರ್ಚ್ 2013, ಸಂಜೆ 6.10

ಈ ಚರ್ಚೆಯನ್ನು ನಿನ್ನೆ ಓದಿದೆ. ನನ್ನ ತಮ್ಮನಿಗೆ ಹದಿನಾಲ್ಕು ವರ್ಷ, ಅಪಘಾತದಲ್ಲಿ ಎಡಗೈ ಬಲ ಕಳೆದುಕೊಂಡಿದೆ. ಅವನಿಗೆ ಈ ಆಟ ಕಲಿಸಬೇಕೆಂದಿದ್ದೇನೆ. ಆಕ್ಷನ್ ಬಾರ್ ಹೇಗೆ ಜೋಡಿಸಿಕೊಂಡಿದ್ದೀರಿ ಎಂದು ಚೌಕ ಚೌಕವಾಗಿ ಹೇಳುತ್ತೀರಾ?

---

ತುಂಗಾದಡ | 5 ಮಾರ್ಚ್ 2013, ರಾತ್ರಿ 9.05

ಖಂಡಿತ. 1 ಮತ್ತು 2 ಹೆಬ್ಬೆರಳಿಗೆ: ಪಿಯರ್ಸಿಂಗ್ ಶಾಟ್, ಬೈಂಡಿಂಗ್ ಶಾಟ್. 3 ಫ್ರಾಗ್‌ಮೆಂಟೇಷನ್, 4 ಡೇಜಿಂಗ್ ಶಾಟ್, 5 ಥ್ರೆಶೋಲ್ಡ್‌ಗೆ ರ‍್ಯಾಪಿಡ್ ಫೈರ್. 6 ಖಾಲಿ ಬಿಡಿ, ಅವಸರದಲ್ಲಿ ಊಟದ ಬದಲು ಬಾಣ, ಬಾಣದ ಬದಲು ಊಟ ಒತ್ತದಿರಲು ಆ ಅಂತರ ಬೇಕು. 7 ಲಾಬ್ಸ್ಟರ್, 8 ರೀಜನರೇಟ್. ಶುರುವಿನಲ್ಲಿ ಇವೆಲ್ಲ ಅವನಿಗೆ ತೆರೆದಿರುವುದಿಲ್ಲ, ಲೆವೆಲ್ ಏರಿದಂತೆ ಒಂದೊಂದೇ ಬರುತ್ತವೆ; ಅದು ಅನುಕೂಲವೇ, ಕೈ ಒಂದೊಂದಕ್ಕೇ ಪಳಗುತ್ತದೆ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ, ಮಣಿಕಟ್ಟಿನ ಕೆಳಗೆ ಮಡಚಿದ ಟವೆಲ್ ಇಡಿ.

ಅವನು ಆಟಕ್ಕೆ ಬಂದ ಮೇಲೆ ಹೆಸರು ಕಳುಹಿಸಿ. ಹಸುಗಳ ಹೊಲದಲ್ಲಿ ಮೊದಲ ದಿನ ನಾನು ಜೊತೆಗಿರುತ್ತೇನೆ.