ಫ್ಲಾಸ್ಕಿನಲ್ಲಿಟ್ಟ ಹಸಿರು ಚಹಾ ಮಧ್ಯಾಹ್ನಕ್ಕೆ ಕಂದಾಗುತ್ತದೆ: ಪಾಲಿಫೀನಾಲ್‌ಗಳು ನಾಶವಾಗಿವೆಯೇ?

ಪ್ರಶ್ನೆ

ಬೆಳಿಗ್ಗೆ ಏಳಕ್ಕೆ ಸೋಸಿ ಫ್ಲಾಸ್ಕಿಗೆ ತುಂಬುವಾಗ ನನ್ನ ಹಸಿರು ಚಹಾ ತಿಳಿ ಹಳದಿಯಾಗಿರುತ್ತದೆ. ಮಧ್ಯಾಹ್ನ ಮೂರಕ್ಕೆ ಮುಚ್ಚಳ ತೆಗೆದರೆ ತುಕ್ಕಿನ ನೀರಿನಂತೆ ಕಂದಾಗಿ, ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ಎಲೆಯನ್ನೂ ಫ್ಲಾಸ್ಕನ್ನೂ ಬದಲಿಸಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಇದನ್ನು ಕುಡಿಯಬಹುದೇ? ಇಲ್ಲವಾದರೆ ಚಹಾ ಬಿಟ್ಟು ಹಸಿರು ಚಹಾ ಸಾರದ ಮಾತ್ರೆಗಳಿಗೆ ಬದಲಾಯಿಸೋಣವೆಂದಿದ್ದೇನೆ.

ಉತ್ತರ

ಮಾತ್ರೆಗಳ ನಿರ್ಧಾರವನ್ನು ದಯವಿಟ್ಟು ತಡೆಹಿಡಿಯಿರಿ. ಮೊದಲು ನೀರನ್ನು ಪರೀಕ್ಷಿಸೋಣ. ಎಲೆ, ಪಾತ್ರೆ ಎರಡನ್ನೂ ಬದಲಿಸಿದ್ದೀರಿ, ನೀರನ್ನು ಬದಲಿಸಿಲ್ಲ.

ಪಾಲಿಫೀನಾಲ್ ಎಂದರೆ ಸಸ್ಯಗಳಲ್ಲಿ ಸಹಜವಾಗಿರುವ ಒಂದು ಬಗೆಯ ಸಂಯುಕ್ತ. ಹಸಿರು ಚಹಾದ ಮುಖ್ಯ ಪಾಲಿಫೀನಾಲ್‌ಗಳು ಕ್ಯಾಟೆಚಿನ್‌ಗಳು. ಅವುಗಳಲ್ಲಿ ಹೆಚ್ಚಿನ ಪಾಲು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಅಂದರೆ ಇಜಿಸಿಜಿ. ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿನ ಆಮ್ಲೀಯ ದ್ರಾವಣದಲ್ಲಿ ಇದು ಚೆನ್ನಾಗಿ ಉಳಿಯುತ್ತದೆ. ಪಿಎಚ್ 7 ದಾಟಿತೆಂದರೆ ಅದರ ಹೈಡ್ರಾಕ್ಸಿಲ್ ಗುಂಪುಗಳು ಪ್ರೋಟಾನ್ ಕಳೆದುಕೊಂಡು ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ, ಕೆಲವೇ ಗಂಟೆಗಳಲ್ಲಿ ಬಹುಪಾಲು ಉತ್ಕರ್ಷಣಗೊಂಡು ಒಂದಕ್ಕೊಂದು ಬೆಸೆದು ಕಂದು ಸಂಯುಕ್ತಗಳಾಗುತ್ತವೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಇನ್ನಷ್ಟು ಏರುತ್ತದೆ. ನೀವು ಹೇಳಿದ ಪೊರೆ ನನಗೆ ದೊಡ್ಡ ಸುಳಿವಾಗಿ ಕಾಣುತ್ತದೆ, ಏಕೆಂದರೆ ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಚಹಾದ ಉತ್ಕರ್ಷಿತ ದ್ರವ್ಯಗಳೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟುವುದು ಅಂಥದ್ದೇ ಪೊರೆಯನ್ನು.

ಮೂರು ಗಾಜಿನ ಲೋಟ ತೆಗೆದುಕೊಂಡು, ಒಂದರಲ್ಲಿ ನಿಮ್ಮ ನಲ್ಲಿಯ ನೀರಿನ ಚಹಾ, ಎರಡನೆಯದರಲ್ಲಿ ಅದೇ ಚಹಾಕ್ಕೆ ಅರ್ಧ ಚಮಚ ನಿಂಬೆರಸ, ಮೂರನೆಯದರಲ್ಲಿ ಬಟ್ಟಿ ಇಳಿಸಿದ ನೀರಿನ ಚಹಾ ಇಟ್ಟು ಸಂಜೆಯವರೆಗೆ ನೋಡಿ ತಿಳಿಸಿ. ಎಲೆಯ ತೂಕ ಮತ್ತು ನೆನೆಸುವ ಸಮಯ ಮೂರಕ್ಕೂ ಒಂದೇ ಇರಲಿ.

ಮರುಪ್ರಶ್ನೆ

ಮೊದಲ ಲೋಟ ಎರಡು ಗಂಟೆಯೊಳಗೇ ಕೆಂಪಾಗತೊಡಗಿತು. ನಿಂಬೆಯದೂ ಬಟ್ಟಿ ನೀರಿನದೂ ಸಂಜೆಗೂ ಹಳದಿಯಾಗಿಯೇ ಇದ್ದವು. ಕುತೂಹಲಕ್ಕೆ ಕಂದಾದ ಲೋಟಕ್ಕೂ ಕೊನೆಯಲ್ಲಿ ನಿಂಬೆ ಹಿಂಡಿದೆ, ಬಣ್ಣ ಸಾಕಷ್ಟು ತಿಳಿಯಾಯಿತು. ಹಾಗಾದರೆ ಕಳೆದದ್ದು ಮರಳಿತೇ?

ಉತ್ತರ

ಮರಳಿಲ್ಲ. ಆ ಕಂದು ಸಂಯುಕ್ತಗಳ ಬಣ್ಣವೇ ಆಮ್ಲದಲ್ಲಿ ತಿಳಿಯಾಗುತ್ತದೆ, ಆದರೆ ಉತ್ಕರ್ಷಣಗೊಂಡ ಕ್ಯಾಟೆಚಿನ್ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ನಿಂಬೆರಸವನ್ನು ಸೋಸಿದ ಕೂಡಲೇ ಸೇರಿಸಬೇಕು. ಅದರ ಸಿಟ್ರಿಕ್ ಆಮ್ಲ ಪಿಎಚ್ ಇಳಿಸುತ್ತದೆ, ವಿಟಮಿನ್ ಸಿ ಉತ್ಕರ್ಷಣವನ್ನು ತಡೆಹಿಡಿಯುತ್ತದೆ. ಎಂಟು ಗಂಟೆ ಬಿಸಿಯಾಗಿಡುವ ಫ್ಲಾಸ್ಕನ್ನೂ ಬಿಡಿ. ಶಾಖವು ಉತ್ಕರ್ಷಣವನ್ನು ವೇಗಗೊಳಿಸುವುದಲ್ಲದೆ, ಇಜಿಸಿಜಿಯ ಒಂದು ಪಾಲನ್ನು ಅದರದೇ ಪ್ರತಿರೂಪವಾದ ಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್ ಆಗಿ ಬದಲಿಸುತ್ತದೆ. ಬೇಗ ತಣಿಸಿ ಫ್ರಿಜ್ಜಿನಲ್ಲಿಡುವುದು ಮೇಲು.

ಕಂದಾದ ಚಹಾ ವಿಷವಲ್ಲ. ಕಪ್ಪು ಚಹಾ ತಯಾರಾಗುವುದೇ ಎಲೆಯ ಕಿಣ್ವಗಳು ಕ್ಯಾಟೆಚಿನ್‌ಗಳನ್ನು ಉತ್ಕರ್ಷಿಸಿ ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಾಗಿಸುವುದರಿಂದ. ಕೊಠಡಿಯ ಉಷ್ಣತೆಯಲ್ಲಿ ದಿನವಿಡೀ ಇಟ್ಟ ಚಹಾವನ್ನು ಚೆಲ್ಲಬೇಕಾದದ್ದು ಸೂಕ್ಷ್ಮಾಣುಗಳ ಕಾರಣಕ್ಕೆ, ಬಣ್ಣದ ಕಾರಣಕ್ಕಲ್ಲ.

ಮಾತ್ರೆಗಳ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಬೇಡವೆನ್ನುತ್ತೇನೆ. ಪೂರಕ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಸೇವಿಸಿದವರ ರಕ್ತದಲ್ಲಿ ಯಕೃತ್ತಿನ ಕಿಣ್ವಗಳ ಮಟ್ಟ ಏರಿದ್ದನ್ನು (ಯಕೃತ್ತಿಗೆ ಹಾನಿಯಾಗುತ್ತಿರಬಹುದೆಂಬ ಸೂಚನೆಯಿದು) ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎತ್ತಿ ತೋರಿಸಿತು. ಎಲೆ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತವೆಂದೂ ಹೇಳಿತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತ ಸೇರುವ ಪ್ರಮಾಣ ಇನ್ನೂ ಹೆಚ್ಚು, ಅಪಾಯವೂ ಹೆಚ್ಚು.

ಕೊನೆಗೊಂದು ಮಾತು. ನಿಮಗೆ ರಕ್ತಹೀನತೆ ಇದ್ದರೆ ಈ ಚಹಾವನ್ನು ಊಟದ ಜೊತೆ ಕುಡಿಯಬೇಡಿ. ಪಾಲಿಫೀನಾಲ್‌ಗಳ ಗ್ಯಾಲಾಯ್ಲ್ ಗುಂಪುಗಳು ಸಸ್ಯಾಹಾರದ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.